ಈರುಳ್ಳಿಯ ತುದಿ ಸುಟ್ಟದ್ದು ಗಾಳಿಯಿಂದಲೋ, ಬಾವಿ ನೀರಿನಿಂದಲೋ?

ಪ್ರಶ್ನೆ: ಮಾನ್ಯರೇ, ಕುಮಟಾದ ಸಮೀಪ ಹೆದ್ದಾರಿಗೆ ತಾಗಿಕೊಂಡು ನಮ್ಮ ಗದ್ದೆಯಿದೆ. ಮಳೆಗಾಲದ ಭತ್ತ ಕೊಯ್ದ ಮೇಲೆ ಇಪ್ಪತ್ತು ಗುಂಟೆಯಲ್ಲಿ ಸಿಹಿ ಈರುಳ್ಳಿ, ಹತ್ತು ಗುಂಟೆಯಲ್ಲಿ ಶೇಂಗಾ ಹಾಕುತ್ತೇವೆ. ಗದ್ದೆಯ ಕೆಳಬದಿಗೆ ಗಜನಿ, ಅಂದರೆ ಉಪ್ಪುನೀರು ಏರುವ ತಗ್ಗು ಜಾಗ. ನೀರು ನಮ್ಮದೇ ಬಾವಿಯದು. ಎರಡು ವರ್ಷಗಳಿಂದ ಫೆಬ್ರವರಿ ಮುಗಿಯುವ ಹೊತ್ತಿಗೆ ಈರುಳ್ಳಿ ಎಲೆಗಳ ತುದಿ ಎರಡು ಮೂರು ಇಂಚು ಬೆಳ್ಳಗೆ ಒಣಗಿ, ಗಡ್ಡೆ ಸಣ್ಣದಾಗುತ್ತಿದೆ. ಶೇಂಗಾದ ಹಳೆಯ ಎಲೆಗಳ ಮೇಲೆ ಕಂದು ಚುಕ್ಕೆ ಕಾಣುತ್ತಿವೆ. ಅಂಗಡಿಯವರು ಕೊಟ್ಟ ಶಿಲೀಂಧ್ರನಾಶಕವನ್ನು ಈರುಳ್ಳಿಗೆ ಎರಡು ಸಲ ಹೊಡೆದೆವು, ಗುಣ ಕಾಣಲಿಲ್ಲ. ಮಗ ಮೊಬೈಲಿನಲ್ಲಿ ಓದಿ, ಇದು ವಾಹನಗಳ ಹೊಗೆಯಿಂದ ಹುಟ್ಟುವ ಓಝೋನಿನ ಹಾನಿ ಎನ್ನುತ್ತಾನೆ. ಪಕ್ಕದವರು ಕೈಗಾದ ವಿಕಿರಣ ಎನ್ನುತ್ತಾರೆ. ಓಝೋನ್ ನಮ್ಮನ್ನು ಕಾಯುವ ಪದರ ಎಂದಲ್ಲವೇ ಶಾಲೆಯಲ್ಲಿ ಕಲಿತದ್ದು? ಓಝೋನ್ ತಡೆಯುವ ಔಷಧವೆಂದು ಒಂದು ಬಾಟಲಿ ಮಾರಲು ಬಂದಿದ್ದಾರೆ, ಕೊಳ್ಳಬಹುದೇ? ರಸ್ತೆಯ ಬದಿಗೆ ಗಾಳಿಮರ ನೆಟ್ಟರೆ ಉಪಯೋಗವಿದೆಯೇ? ಶಿರಸಿಯಲ್ಲಿ ನಮ್ಮ ಭಾವನವರ ಅಡಿಕೆ ತೋಟದಲ್ಲೂ ಹೆಡೆಗಳ (ಸೋಗೆಗಳ) ಮೇಲೆ ಚುಕ್ಕೆ ಬಂದಿದೆ. ಎಲ್ಲಕ್ಕೂ ಕಾರಣ ಒಂದೇ ಇರಬಹುದೇ? ಫೋಟೋಗಳನ್ನು ಕಳುಹಿಸಿದ್ದೇನೆ.

ಉತ್ತರ: ನಿಮ್ಮ ಆತಂಕದ ತಿರುಳು ಇಷ್ಟು: ಮಣ್ಣು, ಗೊಬ್ಬರ, ಔಷಧಗಳಿಂದ ಸರಿಪಡಿಸಲಾಗದ ಯಾವುದೋ ಒಂದು ಗಾಳಿಯಿಂದ ಬರುತ್ತಿದೆಯೇ, ಹಾಗಿದ್ದರೆ ಈರುಳ್ಳಿಯನ್ನೇ ಬಿಡಬೇಕೇ ಎಂಬುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಓಝೋನ್ ಬೆಳೆಗಳಿಗೆ ಹಾನಿ ಮಾಡುತ್ತದೆ ಎಂಬ ನಿಮ್ಮ ಮಗನ ಮಾತು ಸುಳ್ಳಲ್ಲ, ಈರುಳ್ಳಿ ಮತ್ತು ಶೇಂಗಾ ಎರಡೂ ಅದಕ್ಕೆ ಸುಲಭವಾಗಿ ಬಗ್ಗುವ ಬೆಳೆಗಳೇ ಹೌದು. ಆದರೆ ನಿಮ್ಮ ವಿವರಣೆಯಲ್ಲಿ ಗಜನಿ, ಬಾವಿ ಮತ್ತು ಫೆಬ್ರವರಿ ಎಂಬ ಮೂರು ಮಾತುಗಳು ಒಟ್ಟಿಗೆ ಬಂದಿರುವುದರಿಂದ ನನ್ನ ಮೊದಲ ಸಂಶಯ ನೀರಿನ ಉಪ್ಪಿನ ಮೇಲೆ. ಓಝೋನಿನ ಸರದಿ ಅದರ ನಂತರದ್ದು. ಶೇಂಗಾದ ಚುಕ್ಕೆಯ ಕಥೆ ಬೇರೆಯೇ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಶಾಲೆಯ ಪಾಠದ ಗೊಂದಲವನ್ನು ಮೊದಲು ಬಿಡಿಸೋಣ. ಭೂಮಿಯಿಂದ ಸುಮಾರು 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಹೆಚ್ಚು ಸಾಂದ್ರವಾಗಿರುವ ಓಝೋನ್ ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ನೆಲದ ಮಟ್ಟದಲ್ಲಿ, ನಾವೂ ಗಿಡಗಳೂ ಉಸಿರಾಡುವ ಗಾಳಿಯಲ್ಲಿ ಇರುವುದೂ ಅದೇ ಅನಿಲ, ಆದರೆ ಇಲ್ಲಿ ಅದು ಮಾಲಿನ್ಯಕಾರಕ. ಇದು ಯಾವ ಕೊಳವೆಯಿಂದಲೂ ನೇರವಾಗಿ ಹೊರಬರುವುದಿಲ್ಲ. ಇಂಧನ ಉರಿದಾಗ ಹುಟ್ಟುವ ನೈಟ್ರೋಜನ್ ಆಕ್ಸೈಡುಗಳು ಮತ್ತು ಗಾಳಿಯಲ್ಲಿ ಆವಿಯಾಗಿ ಸೇರುವ ಸಾವಯವ ರಾಸಾಯನಿಕಗಳು ಬಿಸಿಲಿನಲ್ಲಿ ಒಂದರೊಡನೊಂದು ವರ್ತಿಸಿದಾಗ ಓಝೋನ್ ತಯಾರಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ದ್ರಾಕ್ಷಿ ಎಲೆಗಳ ಮೇಲಿನ ಚುಕ್ಕೆಗೆ ಇದೇ ಕಾರಣವೆಂದು 1958ರಲ್ಲಿಯೂ, ಅಮೆರಿಕದ ತಂಬಾಕು ಬೆಳೆಗಾರರು ಹವಾಮಾನದ ಚುಕ್ಕೆಯೆಂದು ಕರೆಯುತ್ತಿದ್ದ ಕಲೆಗೂ ಇದೇ ಕಾರಣವೆಂದು 1959ರಲ್ಲಿಯೂ ತೋರಿಸಲಾಯಿತು. ನಮ್ಮ ದೇಶದಲ್ಲಿಯೂ 2005ರ ಓಝೋನ್ ಮಟ್ಟವನ್ನು ಆಧರಿಸಿ ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ ಅಂದಾಜಿನಂತೆ ಒಂದು ವರ್ಷದಲ್ಲಿ ಸುಮಾರು 35 ಲಕ್ಷ ಟನ್ ಗೋಧಿ ಮತ್ತು ಸುಮಾರು 21 ಲಕ್ಷ ಟನ್ ಭತ್ತ ನಷ್ಟವಾಗಿದೆ. ಇದು ಗಣಕ ಮಾದರಿಯ ಲೆಕ್ಕವೇ ಹೊರತು ಗದ್ದೆಯಲ್ಲಿ ತೂಗಿದ್ದಲ್ಲ, ಮತ್ತು ಹಾನಿಯ ದೊಡ್ಡ ಪಾಲು ಉತ್ತರ ಭಾರತದ್ದು.

ಈಗ ಹೆದ್ದಾರಿಯ ವಿಷಯ. ವಾಹನ ಹೆಚ್ಚಿದ್ದಲ್ಲಿ ಓಝೋನ್ ಹೆಚ್ಚು ಎಂದು ಯಾರಿಗಾದರೂ ತೋರುವುದು ಸಹಜ. ನಡೆಯುವುದು ಹೆಚ್ಚಾಗಿ ಇದಕ್ಕೆ ತಿರುವುಮುರುವು. ಎಂಜಿನಿನಿಂದ ಆಗತಾನೇ ಹೊರಬಂದ ನೈಟ್ರಿಕ್ ಆಕ್ಸೈಡ್ ಅಲ್ಲಿರುವ ಓಝೋನನ್ನು ತಿಂದುಹಾಕುವುದರಿಂದ ರಸ್ತೆಯ ಅಂಚಿನಲ್ಲಿ ಓಝೋನ್ ಕಡಿಮೆಯಿದ್ದು, ಗಾಳಿ ಬೀಸುವ ದಿಕ್ಕಿನಲ್ಲಿ ಹಲವು ಕಿಲೋಮೀಟರ್ ಆಚೆಗೆ, ಹೊಗೆಯ ಸುಳಿವೇ ಇಲ್ಲದ ಹಸಿರು ಊರಿನಲ್ಲಿ ಹೆಚ್ಚಿರುತ್ತದೆ. ಆದ್ದರಿಂದ ನಿಮ್ಮ ಗದ್ದೆಗೆ ಓಝೋನ್ ತಲುಪುತ್ತಿದ್ದರೆ ಅದು ಮುಂದಿನ ರಸ್ತೆಯ ಲಾರಿಗಳ ಕೊಡುಗೆಯಾಗಿರುವುದಕ್ಕಿಂತ ದೂರದ ನಗರ, ಕಾರ್ಖಾನೆ, ಕಸ ಸುಡುವ ಬೆಂಕಿಗಳಿಂದ ಗಾಳಿಯೊಡನೆ ಬಂದದ್ದಾಗಿರುವ ಸಂಭವವೇ ಹೆಚ್ಚು. ನಮ್ಮ ಕರಾವಳಿಯಲ್ಲಿ ಮಳೆಗಾಲದ ಸಮುದ್ರ ಗಾಳಿ ಶುದ್ಧ, ಮೋಡವೂ ಇರುವುದರಿಂದ ಆಗ ಓಝೋನಿನ ಮಟ್ಟ ಕುಸಿದಿರುತ್ತದೆ. ಡಿಸೆಂಬರಿನಿಂದ ಏಪ್ರಿಲ್ ತನಕ ಬಿಸಿಲು ಬಲವಾಗಿದ್ದು, ಗಾಳಿ ಭೂಭಾಗದ ಕಡೆಯಿಂದಲೂ ಬರುವ ಕಾರಣ ಮಟ್ಟ ಏರುತ್ತದೆ. ಭೂಭಾಗದ ಮಲಿನ ಗಾಳಿ ಈ ತಿಂಗಳುಗಳಲ್ಲಿ ಸಮುದ್ರದ ಮೇಲೂ ಬಹಳ ದೂರ ಹರಡಿಕೊಂಡಿರುತ್ತದೆ ಎಂಬುದು 1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ನಡೆದ ಇಂಡೋಯೆಕ್ಸ್ ಅಧ್ಯಯನದಲ್ಲಿ ಕಂಡುಬಂತು. ನಿಮ್ಮ ಈರುಳ್ಳಿ ಗಡ್ಡೆ ಕಟ್ಟುವ ಕಾಲವೂ ಅದೇ. ಹೀಗಾಗಿ ಓಝೋನಿನ ಶಂಕೆಯನ್ನು ನಾನು ತಳ್ಳಿಹಾಕುವುದಿಲ್ಲ.

ಕೈಗಾದ ಮಾತು ಮಾತ್ರ ನಿಲ್ಲುವುದಿಲ್ಲ. ಅಲ್ಲಿಯ ನಾಲ್ಕು ಅಣು ಘಟಕಗಳು ವಿದ್ಯುತ್ತಿಗಾಗಿ ಕಲ್ಲಿದ್ದಲನ್ನೋ ಎಣ್ಣೆಯನ್ನೋ ಸುಡುವುದಿಲ್ಲವಾದ್ದರಿಂದ ಓಝೋನಿನ ಕಚ್ಚಾ ಅನಿಲಗಳು ಅಲ್ಲಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಇಲ್ಲ. ಎಲೆ ಕಣ್ಣಿಗೆ ಕಾಣುವಂತೆ ಸುಡಬೇಕಾದರೆ ಬೇಕಾಗುವ ವಿಕಿರಣದ ಪ್ರಮಾಣ ಅಸಾಧಾರಣವಾದದ್ದು, ಮತ್ತು ಅದು ನಿಮ್ಮ ಈರುಳ್ಳಿಯ ತುದಿಯನ್ನು ಆರಿಸಿಕೊಂಡು ಬದುವಿನ ಹುಲ್ಲನ್ನು ಬಿಡುವುದಿಲ್ಲ.

ಎಲೆಯೊಳಗೆ ಆಗುವುದೇನು ಎಂದು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪರಿಹಾರಗಳ ಲಾಭನಷ್ಟ ಅರ್ಥವಾಗುವುದು ಅಲ್ಲಿಯೇ. ಎಲೆಯ ಮೇಣದ ಹೊದಿಕೆಯನ್ನು ಓಝೋನ್ ಹೆಚ್ಚೇನೂ ದಾಟಲಾರದು. ಅದು ಒಳಗೆ ಹೋಗುವುದು ಪತ್ರರಂಧ್ರಗಳ ಮೂಲಕ. ಇಂಗಾಲದ ಡೈಆಕ್ಸೈಡ್ ಒಳಬರುವುದೂ, ನೀರಾವಿ ಹೊರಹೋಗುವುದೂ ಇದೇ ರಂಧ್ರದಿಂದ. ಮನೆಗೆ ಒಂದೇ ಬಾಗಿಲಿದ್ದರೆ ನೆಂಟರೂ ಕಳ್ಳರೂ ಅದರಿಂದಲೇ ಬರಬೇಕಲ್ಲವೇ, ಹಾಗೆ. ಒಳಸೇರಿದ ಓಝೋನ್ ಕೋಶಗಳ ಹೊರಗೋಡೆಯ ತೇವದಲ್ಲಿ ಕ್ಷಣದಲ್ಲಿ ಒಡೆದು ಹೈಡ್ರೋಜನ್ ಪೆರಾಕ್ಸೈಡಿನಂತಹ ಉಗ್ರ ಆಮ್ಲಜನಕ ಸಂಯುಕ್ತಗಳಾಗುತ್ತದೆ. ಅಲ್ಲಿ ಗಿಡದ ಮೊದಲ ಕಾವಲು ಸಿ ಜೀವಸತ್ವ, ಅಂದರೆ ಆಸ್ಕಾರ್ಬಿಕ್ ಆಮ್ಲ. ಈ ದಾಸ್ತಾನು ಸಾಕಾಗುವ ತನಕ ಹೊರಗೆ ಏನೂ ಕಾಣುವುದಿಲ್ಲ.

ಸಾಕಾಗದಾಗ ನಡೆಯುವುದು ಕುತೂಹಲದ ಸಂಗತಿ. ರೋಗಾಣು ಮೇಲೆ ಬಿದ್ದಾಗ ಗಿಡ ತಾನೇ ಅದೇ ಉಗ್ರ ಸಂಯುಕ್ತಗಳನ್ನು ತಯಾರಿಸಿ, ಸೋಂಕು ತಗಲಿದ ಕೋಶ ಮತ್ತು ಸುತ್ತಲಿನ ಕೆಲವು ಕೋಶಗಳನ್ನು ಬೇಕೆಂದೇ ಸಾಯಿಸಿ ರೋಗವನ್ನು ಅಲ್ಲಿಯೇ ಕಟ್ಟಿಹಾಕುತ್ತದೆ. ಓಝೋನ್ ಒಳನುಗ್ಗಿದಾಗ ಎಲೆ ಅದನ್ನೂ ರೋಗವೆಂದೇ ತಿಳಿದು ಅದೇ ಕ್ರಮ ಕೈಗೊಳ್ಳುತ್ತದೆ. ಗಿಡದೊಳಗೆ ಸಂದೇಶ ಒಯ್ಯುವ ರಾಸಾಯನಿಕಗಳಲ್ಲಿ ಸ್ಯಾಲಿಸಿಲಿಕ್ ಆಮ್ಲ ಮತ್ತು ಇಥಿಲೀನ್ ಈ ಸಾವನ್ನು ಮುಂದಕ್ಕೆ ತಳ್ಳಿದರೆ, ಜಾಸ್ಮೋನಿಕ್ ಆಮ್ಲ ಅದು ಹರಡದಂತೆ ತಡೆಯುತ್ತದೆ. ಓಝೋನಿನ ಚುಕ್ಕೆ ರೋಗದ ಚುಕ್ಕೆಯಂತೆಯೇ ಕಾಣುವುದಕ್ಕೂ, ಅನುಭವಿಗಳೂ ಮೋಸಹೋಗುವುದಕ್ಕೂ ಇದೇ ಕಾರಣ.

ಚುಕ್ಕೆಗಿಂತ ಹೆಚ್ಚಿನ ನಷ್ಟ ಮಾಡುವುದು ಚುಕ್ಕೆಯಿಲ್ಲದ ಹಾನಿ. ಮಧ್ಯಮ ಮಟ್ಟದ ಓಝೋನ್ ವಾರಗಟ್ಟಲೆ ಮುಂದುವರಿದರೆ ಎಲೆ ಬೇಗ ಮುದಿಯಾಗುತ್ತದೆ, ಸಕ್ಕರೆಯ ತಯಾರಿಕೆ ಇಳಿಯುತ್ತದೆ, ತಯಾರಾದ ಸಕ್ಕರೆಯೂ ಎಲೆಯ ದುರಸ್ತಿಗೇ ಖರ್ಚಾಗಿ ನೆಲದೊಳಗಿನ ಭಾಗಕ್ಕೆ ಕಡಿಮೆ ಇಳಿಯುತ್ತದೆ. ಮಣ್ಣಿನೊಳಗೆ ಫಸಲು ಕೊಡುವ ಬೆಳೆಗಳಿಗೆ ಇದು ಒಳ್ಳೆಯ ಸುದ್ದಿಯಲ್ಲ. ಬೆಳೆಹಾನಿಯ ಲೆಕ್ಕದಲ್ಲಿ ಒಂದು ದಿನದ ಮಟ್ಟಕ್ಕಿಂತ, ಹಗಲಿನ ಹೊತ್ತಿನಲ್ಲಿ ಶತಕೋಟಿಗೆ 40 ಭಾಗವನ್ನು ಮೀರಿದ ಓಝೋನ್ ತಿಂಗಳುಗಳ ಉದ್ದಕ್ಕೂ ಎಷ್ಟು ಸಂಗ್ರಹವಾಯಿತು ಎಂಬುದನ್ನು ನೋಡುವುದು ಈ ಕಾರಣಕ್ಕೇ. ನಮ್ಮ ದೇಶದ 2009ರ ವಾಯು ಗುಣಮಟ್ಟದ ಮಾನದಂಡವು ಎಂಟು ತಾಸಿನ ಸರಾಸರಿಯನ್ನು ಘನಮೀಟರಿಗೆ 100 ಮೈಕ್ರೋಗ್ರಾಂ, ಅಂದರೆ ಶತಕೋಟಿಗೆ ಸುಮಾರು 50 ಭಾಗಕ್ಕೆ ಮಿತಿಗೊಳಿಸಿದೆ. ಮನುಷ್ಯರ ಆರೋಗ್ಯಕ್ಕೆಂದು ಇಟ್ಟ ಈ ಗೆರೆಯ ಕೆಳಗಿದ್ದರೂ ಸೂಕ್ಷ್ಮ ಬೆಳೆಗೆ ತೊಂದರೆಯಾಗಬಹುದು ಎಂಬುದು ಈ ಎರಡು ಸಂಖ್ಯೆಗಳಿಂದಲೇ ತಿಳಿಯುತ್ತದೆ.

ಈರುಳ್ಳಿಯ ಬಗ್ಗೆ ಒಂದು ಹಳೆಯ, ಆದರೆ ಈಗಲೂ ಉಪಯೋಗಕ್ಕೆ ಬರುವ ಸಂಗತಿಯಿದೆ. ಈರುಳ್ಳಿಯ ತುದಿಸುಡಿಗೆ ಓಝೋನ್ ಒಂದು ಕಾರಣವೆಂದು ಗೊತ್ತಾದ ಮೇಲೆ 1960ರ ದಶಕದಲ್ಲಿ ಅಮೆರಿಕದ ಸಂಶೋಧಕರು ತಡೆದುಕೊಳ್ಳುವ ಮತ್ತು ತಡೆದುಕೊಳ್ಳದ ತಳಿಗಳನ್ನು ಹೋಲಿಸಿದರು. ಓಝೋನ್ ತಗಲುತ್ತಲೇ ತಡೆದುಕೊಳ್ಳುವ ತಳಿಯ ಪತ್ರರಂಧ್ರಗಳು ಮುಚ್ಚಿಕೊಂಡವು, ಇನ್ನೊಂದರವು ತೆರೆದೇ ಉಳಿದವು. ಈ ಗುಣ ಬೀಜದಿಂದ ಬೀಜಕ್ಕೆ ಹರಿದುಬರುತ್ತದೆ. ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿಯ ಕಡೆ ಇಂದಿಗೂ ಮನೆಬೀಜವನ್ನೇ ಉಳಿಸಿಕೊಂಡು ಬಂದಿರುವ ನಿಮ್ಮಂತಹ ಬೆಳೆಗಾರರಿಗೆ ಇದರ ಅರ್ಥವೇನೆಂದು ಮುಂದೆ ಹೇಳುತ್ತೇನೆ.

ಉಪ್ಪಿನದು ಬೇರೆ ದಾರಿ. ಮಣ್ಣಿನ ನೀರಿನಲ್ಲಿ ಉಪ್ಪು ಏರಿದಾಗ ಬೇರಿಗೆ ನೀರೆಳೆಯುವುದೇ ಕಷ್ಟವಾಗುತ್ತದೆ. ಇದು ಮೊದಲ ಪೆಟ್ಟು. ಬಳಿಕ ಸೋಡಿಯಂ ಮತ್ತು ಕ್ಲೋರೈಡುಗಳು ನೀರಿನೊಡನೆ ಮೇಲೇರಿ, ನೀರು ಆವಿಯಾದಲ್ಲಿ, ಅಂದರೆ ಹಳೆಯ ಎಲೆಗಳ ತುದಿ ಮತ್ತು ಅಂಚುಗಳಲ್ಲಿ, ಉಳಿದು ಸುಡುತ್ತವೆ. ಇದು ಎರಡನೆಯ ಪೆಟ್ಟು. ಉಪ್ಪಿಗೆ ಅತಿ ಬೇಗ ಸೋಲುವ ತರಕಾರಿಗಳಲ್ಲಿ ಈರುಳ್ಳಿ ಒಂದು. ನೀರಿನಲ್ಲಿ ಉಪ್ಪು ಹೆಚ್ಚಿದಷ್ಟೂ ಅದರ ವಿದ್ಯುತ್ ವಾಹಕತೆ ಏರುವುದರಿಂದ ಉಪ್ಪನ್ನು ಅದರಲ್ಲೇ ಅಳೆಯುತ್ತಾರೆ. ನೀರಾವರಿ ನೀರಿನ ವಾಹಕತೆ ಮೀಟರಿಗೆ 0.8 ಡೆಸಿಸೀಮನ್ಸ್ ದಾಟಿದರೆ ಈರುಳ್ಳಿಯ ಇಳುವರಿ ಇಳಿಯತೊಡಗುತ್ತದೆ, 1.8ರಲ್ಲಿ ಕಾಲು ಭಾಗ ಹೋಗುತ್ತದೆ, 2.9ರಲ್ಲಿ ಅರ್ಧ. ಶೇಂಗಾ ಸುಮಾರು 2.1ರ ತನಕ ತಡೆಯುತ್ತದೆ, ಅದನ್ನು ದಾಟಿದರೆ ಬಲುಬೇಗ ಕುಸಿಯುತ್ತದೆ. ಗಜನಿಯ ಮಗ್ಗುಲಿನ ಬಾವಿಗಳಲ್ಲಿ ಮಳೆ ನಿಂತು ಸಿಹಿನೀರಿನ ಒತ್ತಡ ಇಳಿದಂತೆ ಉಪ್ಪು ಏರುವುದು ಕರಾವಳಿಯವರಿಗೆ ಹೊಸದಲ್ಲ. ಆದರೆ ನಾಲಿಗೆಗೆ ಉಪ್ಪೆನಿಸುವ ಮೊದಲೇ ಈರುಳ್ಳಿಗೆ ಅದು ತಿಳಿದಿರುತ್ತದೆ. ನನ್ನ ಬಳಿಗೆ ಬಂದ ಕರಾವಳಿಯ ತುದಿಸುಡಿ ದೂರುಗಳಲ್ಲಿ ಹೆಚ್ಚಿನವು ಕೊನೆಗೆ ಬಾವಿಯ ಹತ್ತಿರವೇ ಹೋಗಿ ನಿಂತಿವೆ.

ಈ ಎರಡು ಒತ್ತಡಗಳು ಒಂದಕ್ಕೊಂದು ಸೇರಿದಾಗ ಲೆಕ್ಕ ಇನ್ನೂ ತೊಡಕಾಗುತ್ತದೆ. ನೀರಿನ ಕೊರತೆಯಾಗಲಿ ಉಪ್ಪಾಗಲಿ ಬೇರನ್ನು ಕಾಡಿದಾಗ ಅಬ್ಸಿಸಿಕ್ ಆಮ್ಲವೆಂಬ ಗಿಡದ ಹಾರ್ಮೋನು ಹೆಚ್ಚಿ ಪತ್ರರಂಧ್ರಗಳು ಮುಚ್ಚುತ್ತವೆ. ಆಗ ಓಝೋನ್ ಒಳಹೋಗುವುದೂ ಕಡಿಮೆ. ಚೆನ್ನಾಗಿ ನೀರುಂಡು ಸೊಕ್ಕಿದ ಗಿಡ ಹೆಚ್ಚು ಓಝೋನ್ ಕುಡಿಯುತ್ತದೆ. ಹಾಗೆಂದು ಗಿಡವನ್ನು ಬಾಡಿಸುವುದು ರಕ್ಷಣೆಯಲ್ಲ, ಏಕೆಂದರೆ ಮುಚ್ಚಿದ ಎಲೆ ಆಹಾರವನ್ನೂ ಮಾಡದು. ಇನ್ನೊಂದು ಕಡೆ, ಬಹಳ ದಿನ ಓಝೋನ್ ತಿಂದ ಎಲೆಯಲ್ಲಿ ರಂಧ್ರಗಳನ್ನು ತೆರೆದು ಮುಚ್ಚುವ ಕಾವಲು ಕೋಶಗಳು ಮಂದವಾಗಿ, ಮುಚ್ಚಬೇಕಾದ ಹೊತ್ತಿಗೆ ಮುಚ್ಚದೆ ನೀರನ್ನು ಪೋಲುಮಾಡುತ್ತವೆ.

ಹಾಗಾದರೆ ಗದ್ದೆಯಲ್ಲಿ ನಿಂತು ಗುರುತಿಸುವುದು ಹೇಗೆ? ಭೂತಗನ್ನಡಿಯೊಂದನ್ನು ಇಟ್ಟುಕೊಂಡು ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿ. ಅಗಲ ಎಲೆಯ ಬೆಳೆಗಳಲ್ಲಿ ಓಝೋನಿನ ಚುಕ್ಕೆ ಸೂಜಿಮೊನೆಯಷ್ಟು ಸಣ್ಣದು, ಎಲೆಯ ಮೇಲ್ಮೈಯಲ್ಲಿ ಮಾತ್ರ, ನರಗಳ ನಡುವೆ ಮಾತ್ರ. ಸಣ್ಣ ನರಗಳು ಕೂಡ ಹಸಿರಾಗಿಯೇ ಉಳಿದು ಚುಕ್ಕೆಗಳ ನಡುವೆ ಗೆರೆ ಎಳೆದಂತೆ ಕಾಣುತ್ತವೆ. ಹಳೆಯ ಎಲೆಗಳಲ್ಲಿ ಹೆಚ್ಚು, ಸುಳಿಯ ಎಲೆಯಲ್ಲಿ ಇರುವುದೇ ಇಲ್ಲ. ಒಂದು ಎಲೆಯ ಮೇಲೆ ಇನ್ನೊಂದು ಬಿದ್ದು ನೆರಳಾದ ಭಾಗವನ್ನು ಎತ್ತಿ ನೋಡಿದರೆ ಅಷ್ಟೇ ಜಾಗ ಚೊಕ್ಕವಾಗಿರುತ್ತದೆ. ಯಾವ ರೋಗಾಣುವೂ ಹೀಗೆ ನೆರಳಿನ ಗೆರೆಯನ್ನು ಗೌರವಿಸುವುದಿಲ್ಲ. ನಿಮ್ಮ ಶೇಂಗಾದ ಫೋಟೋದಲ್ಲಿ ಈ ಯಾವ ಲಕ್ಷಣವೂ ಇಲ್ಲ. ಅಲ್ಲಿರುವುದು ದೊಡ್ಡ ದುಂಡು ಕಂದು ಮಚ್ಚೆ, ಸುತ್ತ ಹಳದಿ ಉಂಗುರ, ಕೆಲವು ನರವನ್ನೂ ದಾಟಿವೆ. ಇದು ಟಿಕ್ಕಾ ಎಲೆಚುಕ್ಕೆ ರೋಗ, ಶಿಲೀಂಧ್ರದ್ದು. ವಿಚಿತ್ರವೆಂದರೆ ಶಿಲೀಂಧ್ರನಾಶಕ ಬೇಕಾಗಿದ್ದದ್ದು ಶೇಂಗಾಕ್ಕೆ, ನೀವು ಹೊಡೆದದ್ದು ಈರುಳ್ಳಿಗೆ.

ಈರುಳ್ಳಿಯಲ್ಲಿ ನೋಡಬೇಕಾದದ್ದು ಮೂರು ಜಾಗ. ಎಲೆಗಳು ಕೂಡುವ ಬುಡದ ಸಂದನ್ನು ಬಿಡಿಸಿ. ಬೆಳ್ಳಿಬಣ್ಣದ ಗೀರು, ಕರಿಯ ಸಣ್ಣ ಹಿಕ್ಕೆ, ಓಡಾಡುವ ಹಳದಿ ಹುಳಗಳಿದ್ದರೆ ಅದು ಥ್ರಿಪ್ಸ್. ಎಲೆಯ ನಡುಭಾಗದಲ್ಲಿ, ಬಿಸಿಲು ಬೀಳುವ ಮಗ್ಗುಲಿಗೆ ಮಾತ್ರ ಬಿಳಿಯ ಸಣ್ಣ ಚುಕ್ಕೆಗಳು ಚದುರಿ, ಆಮೇಲೆ ತುದಿ ಒಣಗಿದ್ದರೆ ಓಝೋನನ್ನು ಶಂಕಿಸಬಹುದು. ಎಲೆಯ ಮೈ ಪೂರ್ತಿ ಚೊಕ್ಕವಾಗಿದ್ದು ತುದಿ ಮಾತ್ರ ಸುತ್ತಲೂ ಸಮನಾಗಿ ಒಣಗಿ, ಅದೂ ಗಜನಿಯ ಕಡೆಯ ಸಾಲುಗಳಲ್ಲಿ ಹೆಚ್ಚಿದ್ದು, ಮಣ್ಣು ಒಣಗಿದಾಗ ಬಿಳಿಯ ಪೊರೆ ಕಂಡರೆ ಅದು ಉಪ್ಪು. ನಿಮ್ಮ ಫೋಟೋಗಳು ಈ ಕೊನೆಯದಕ್ಕೆ ಹತ್ತಿರವಾಗಿವೆ. ಗಡ್ಡೆ ಬಲಿತು ಕುತ್ತಿಗೆ ಬಾಗುವ ಹಂತದಲ್ಲಿ ತುದಿ ಒಣಗುವುದು ಸಹಜ ಎಂಬುದನ್ನೂ ಮರೆಯಬಾರದು.

ಫೋಟೋ ನೋಡಿ ತೀರ್ಪು ಕೊಡುವುದಕ್ಕಿಂತ ನಂಬಿಕೆಗೆ ಅರ್ಹವಾದ ಒಂದು ಪರೀಕ್ಷೆ ನಿಮ್ಮ ಕೈಯಲ್ಲೇ ಇದೆ. ಮುಂದಿನ ಹಂಗಾಮಿನಲ್ಲಿ ನಾಟಿಯ ದಿನವೇ ಅದೇ ಮಡಿಯ ಸಸಿಗಳನ್ನು ಹತ್ತು ಹನ್ನೆರಡು ಕುಂಡಗಳಲ್ಲಿ, ಮನೆಯ ಹಿತ್ತಲಿನ ಒಳ್ಳೆಯ ಮಣ್ಣು ತುಂಬಿ ನೆಟ್ಟು, ಗದ್ದೆಯ ನಡುವೆಯೇ ಇಡಿ. ಅರ್ಧ ಕುಂಡಗಳಿಗೆ ನಿಮ್ಮ ಬಾವಿಯ ನೀರು, ಉಳಿದರ್ಧಕ್ಕೆ ಕುಡಿಯುವ ಸಿಹಿನೀರು ಕೊಡಿ. ಗಾಳಿ, ಬಿಸಿಲು, ಹುಳ ಎಲ್ಲಕ್ಕೂ ಒಂದೇ. ಬಾವಿ ನೀರಿನ ಕುಂಡಗಳು ಮಾತ್ರ ಸುಟ್ಟರೆ ಕಾರಣ ನೀರು. ಎರಡೂ ಸಮನಾಗಿ ಸುಟ್ಟರೆ, ಥ್ರಿಪ್ಸ್ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ, ಗಾಳಿಯನ್ನು ದೂರಬಹುದು. ಜೊತೆಗೆ ಜನವರಿಯಿಂದ ಪ್ರತಿ ತಿಂಗಳು ಬಾವಿ ನೀರಿನ ಮಾದರಿಯ ವಾಹಕತೆಯನ್ನು ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ ಹತ್ತಿರದ ಮಣ್ಣು ಪರೀಕ್ಷಾ ಪ್ರಯೋಗಾಲಯದಲ್ಲಾಗಲಿ ನೋಡಿಸಿ. ಕೈಯಲ್ಲಿ ಹಿಡಿಯುವ ಅಗ್ಗದ ಮೀಟರು ಕೂಡ ಈ ಕೆಲಸಕ್ಕೆ ನಡೆಯುತ್ತದೆ. ಓಝೋನ್ ಅಳೆಯುವ ಅಗ್ಗದ ಯಂತ್ರಕ್ಕೆ ಮಾತ್ರ ಹಣ ಹಾಕಬೇಡಿ. ಅವು ತೇವಾಂಶಕ್ಕೂ ನೈಟ್ರೋಜನ್ ಡೈಆಕ್ಸೈಡಿಗೂ ಮೋಸಹೋಗುತ್ತವೆ.

ಉಪ್ಪೇ ಕಾರಣವೆಂದಾದರೆ ಮಾಡಬಹುದಾದದ್ದು ಸಾಕಷ್ಟಿದೆ. ನಾಟಿಯನ್ನು ಎರಡು ವಾರ ಬೇಗ ಮಾಡಿ ಬಾವಿ ಕೆಡುವ ಮೊದಲೇ ಗಡ್ಡೆ ಕಟ್ಟುವಂತೆ ನೋಡಿಕೊಳ್ಳುವುದು ನನಗೆ ಎಲ್ಲಕ್ಕಿಂತ ಸರಿಯೆನಿಸುವ ಉಪಾಯ. ಹಿಂಗಾರಿನ ಕೊನೆಯ ಮಳೆ ಸಿಕ್ಕಿಬಿದ್ದರೆ ಸಸಿ ಕೊಳೆಯುವ ಅಪಾಯ ಇದರಲ್ಲಿದೆ, ಏರುಮಡಿ ಮಾಡಿದರೆ ಅದು ತಗ್ಗುತ್ತದೆ. ನೀರನ್ನು ಎಲೆಯ ಮೇಲೆ ಎರಚದೆ ಬುಡಕ್ಕೆ, ಸಂಜೆಯ ಹೊತ್ತು ಕೊಡಿ, ಏಕೆಂದರೆ ಉಪ್ಪುನೀರು ಎಲೆಯಿಂದ ನೇರವಾಗಿಯೂ ಒಳಸೇರುತ್ತದೆ. ಸಾಲುಗಳ ನಡುವೆ ದರಕು (ಒಣ ಎಲೆ) ಹಾಸಿದರೆ ಮಣ್ಣಿನ ನೀರು ಆವಿಯಾಗಿ ಉಪ್ಪು ಮೇಲೇಳುವುದು ಕಡಿಮೆಯಾಗುತ್ತದೆ; ಗೆದ್ದಲಿನ ಮೇಲೆ ಕಣ್ಣಿರಲಿ. ಪೊಟ್ಯಾಷ್ ಕೊಡುವಾಗ ಮ್ಯುರಿಯೇಟ್ ರೂಪದಲ್ಲಿ ಕ್ಲೋರೈಡೂ ಬರುವುದರಿಂದ ಸಲ್ಫೇಟ್ ರೂಪದ್ದನ್ನು ಆರಿಸಿ, ದುಬಾರಿಯಾದರೂ ನಿಮ್ಮದು ಇಪ್ಪತ್ತೇ ಗುಂಟೆ. ಯೂರಿಯಾ ಸುರಿದು ಹಸಿರು ಬರಿಸುವ ಆಸೆ ಬೇಡ; ಮೆತ್ತಗಾದ ಎಲೆ ಥ್ರಿಪ್ಸಿಗೆ ಔತಣ. ಇನ್ನು ಜಿಪ್ಸಂ ಹಾಕಿದರೆ ಎಲ್ಲ ಸರಿಯಾಗುತ್ತದೆ ಎಂಬ ಸಲಹೆ ಸೋಡಿಯಂ ಕಚ್ಚಿಕೊಂಡು ಗಟ್ಟಿಯಾದ ಮಣ್ಣಿಗೆ ಸಲ್ಲುತ್ತದೆ. ಬಾವಿಯಿಂದ ದಿನವೂ ಉಪ್ಪು ಬರುತ್ತಿರುವಲ್ಲಿ ಅದರಿಂದ ಹೆಚ್ಚೇನೂ ಆಗದು, ಮಣ್ಣು ಪರೀಕ್ಷೆಯಿಲ್ಲದೆ ಹಾಕಬೇಡಿ.

ಓಝೋನ್ ತಡೆಯುವ ಬಾಟಲಿಯನ್ನು ಕೊಳ್ಳಬೇಡಿ. ಎಥಿಲೀನ್‌ಡೈಯೂರಿಯಾ ಎಂಬ ರಾಸಾಯನಿಕ ಓಝೋನ್ ಹಾನಿಯನ್ನು ತಗ್ಗಿಸುವುದು ನಿಜ, ಆದರೆ ಅದು ಸಂಶೋಧಕರು ಹಾನಿಯ ಪ್ರಮಾಣವನ್ನು ಅಳೆಯಲು ಬಳಸುವ ಸಾಧನವೇ ಹೊರತು ರೈತರಿಗೆ ಮಾರುವ ಔಷಧವಲ್ಲ. ಸಿ ಜೀವಸತ್ವದ ಸಿಂಪಡಣೆ ಎಲೆಯ ಮೇಲೆ ಹೆಚ್ಚು ಹೊತ್ತು ಉಳಿಯದು. ರಂಧ್ರಗಳನ್ನು ಮುಚ್ಚಿಸುವ ಲೇಪಗಳು ಓಝೋನನ್ನು ತಡೆದಂತೆ ಇಂಗಾಲದ ಡೈಆಕ್ಸೈಡನ್ನೂ ತಡೆಯುತ್ತವೆ. ಕಾರಣ ಓಝೋನೇ ಎಂದು ಕುಂಡಗಳು ಹೇಳಿದರೆ ನಾನು ಸೂಚಿಸುವುದು ಬೀಜದ ಆಯ್ಕೆಯನ್ನು. ನಿಮ್ಮ ಮಡಿಯಲ್ಲೇ ಎಲ್ಲವೂ ಸುಟ್ಟಾಗ ತುದಿ ಹಸಿರು ಉಳಿಸಿಕೊಂಡು ಒಳ್ಳೆಯ ಗಡ್ಡೆ ಕಟ್ಟಿದ ಗಿಡಗಳಿಗೆ ಕಡ್ಡಿ ಊರಿ ಗುರುತಿಡಿ, ಬೀಜಕ್ಕೆ ಅವುಗಳ ಗಡ್ಡೆಗಳನ್ನೇ ಉಳಿಸಿ. ಒಂದೆರಡು ಗಿಡಕ್ಕೆ ಇಳಿಸಿದರೆ ಮುಂದಿನ ಪೀಳಿಗೆ ಸೊರಗುತ್ತದೆ, ಆದ್ದರಿಂದ ಹಲವು ಹತ್ತು ಗಡ್ಡೆಗಳಾದರೂ ಇರಲಿ. ಸಿಹಿ ಮತ್ತು ಬಾಳಿಕೆಯ ಗುಣವನ್ನೂ ಜೊತೆಗೆ ನೋಡಿ. ಜೇನ್ನೊಣಗಳು ಪಕ್ಕದ ಮಡಿಯ ಪರಾಗವನ್ನೂ ತರುವುದರಿಂದ ಅಕ್ಕಪಕ್ಕದವರು ಸೇರಿ ಮಾಡಿದರೆ ಫಲ ಬೇಗ. ಇದು ವರ್ಷಗಳ ಕೆಲಸ.

ಗಾಳಿಮರದ ಸಾಲು ಓಝೋನನ್ನು ತಡೆಯದು, ಅನಿಲಕ್ಕೆ ಬೇಲಿ ಹಾಕಲಾಗದು. ಸಮುದ್ರದ ಕಡೆ ನೆಟ್ಟರೆ ಉಪ್ಪಿನ ತುಂತುರನ್ನೂ, ರಸ್ತೆಯ ಕಡೆ ನೆಟ್ಟರೆ ಧೂಳನ್ನೂ ತಡೆಯುತ್ತದೆ. ಧೂಳು ಕುಳಿತ ಎಲೆಯಲ್ಲಿ ನುಸಿಗಳ ಕಾಟ ಹೆಚ್ಚುವುದರಿಂದ ಅದೂ ಸಣ್ಣ ಲಾಭವೇನಲ್ಲ. ಆದರೆ ಇಪ್ಪತ್ತು ಗುಂಟೆಯ ಗದ್ದೆಗೆ ಮರದ ಬೇರು ಮತ್ತು ನೆರಳು ನುಗ್ಗಿದರೆ ಅಂಚಿನ ಎರಡು ಮೂರು ಸಾಲು ಈರುಳ್ಳಿ ಕಳೆದುಕೊಳ್ಳುತ್ತೀರಿ, ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮ ಭಾವನವರ ತೋಟದ ಚುಕ್ಕೆಗೂ ನಿಮ್ಮ ಗದ್ದೆಗೂ ಸಂಬಂಧವಿಲ್ಲ. ಫೋಟೋದಲ್ಲಿರುವ, ಹಳದಿ ಅಂಚಿನ ಕಂದು ಚುಕ್ಕೆಗಳು ಕೂಡಿಕೊಂಡು ಹೆಡೆ ಒಣಗುವ ಲಕ್ಷಣ, ಕೆಲವು ವರ್ಷಗಳಿಂದ ಮಲೆನಾಡಿನ ಅಡಿಕೆ ತೋಟಗಳನ್ನು ಕಾಡುತ್ತಿರುವ ಎಲೆಚುಕ್ಕೆ ರೋಗದ್ದು. ಅದು ಶಿಲೀಂಧ್ರದಿಂದ ಬರುವಂತಹದು, ಮಳೆ ಮತ್ತು ತೇವದಲ್ಲಿ ಹರಡುವಂತಹದು. ಹೆಚ್ಚು ಸೋಂಕಿದ ಕೆಳಗಿನ ಹೆಡೆಗಳನ್ನು ಕತ್ತರಿಸಿ ತೋಟದಿಂದ ಹೊರಗೆ ಸಾಗಿಸಿ ನಾಶಮಾಡಲಿ, ಸಿಂಪಡಿಸಬೇಕಾದ ಔಷಧ ಮತ್ತು ಕಾಲವನ್ನು ಅಲ್ಲಿಯ ತೋಟಗಾರಿಕೆ ಇಲಾಖೆಯವರಿಗೆ ಹೆಡೆಯನ್ನೇ ತೋರಿಸಿ ಕೇಳಲಿ. ಈ ಕೆಲಸವನ್ನು ಮುಂದಿನ ಮಳೆಗಾಲಕ್ಕೆ ಮೊದಲೇ ಮುಗಿಸುವುದು ಒಳ್ಳೆಯದು, ಸುತ್ತಲಿನ ತೋಟದವರೂ ಅದೇ ಹೊತ್ತಿಗೆ ಮಾಡಿದರೆ ಮಾತ್ರ ಅದರ ಪೂರ್ಣ ಪ್ರಯೋಜನ ಸಿಗುತ್ತದೆ.